ವೊಸ್‌ನವರು ವೊಸ್ಸಿಂಗ್, ಓಸ್ಲೋದವರು ಓಸ್ಲೋಎನ್ಸರ್: ನಾರ್ವೆಯಲ್ಲಿ ಊರಿನವರನ್ನು ಕರೆಯಲು ನಿಯಮ ಇದೆಯಾ?

ಸಾಗರದಿಂದ_ಸ್ಟವಾಂಗರ್ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮೂರು ಸಾಗರ. ಎರಡು ವರ್ಷದಿಂದ ನಾರ್ವೆಯ ಸ್ಟವಾಂಗರ್‌ನಲ್ಲಿದ್ದೇವೆ. ಯಜಮಾನರಿಗೆ ಇಲ್ಲಿ ಎಣ್ಣೆ ಕೆಲಸ (ಅಡುಗೆ ಎಣ್ಣೆ ಅಲ್ಲ, ಕಡಲ ತಳದ್ದು). ನಾನು ಭಾಷೆ ಕಲಿಯುವ ತರಗತಿಗೆ ಹೋಗುತ್ತಿದ್ದೇನೆ. ವ್ಯಾಕರಣ ಹೇಗೋ ನಡೆಯುತ್ತಿದೆ. ಒಂದು ಕಡೆ ಮಾತ್ರ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ. ಯಾವ ಊರಿನವರನ್ನು ಏನಂತ ಕರೆಯಬೇಕು ಅನ್ನುವುದೇ ಗೊತ್ತಾಗುತ್ತಿಲ್ಲ.

ನಾವು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದೇ ಇಲ್ಲ ಅಲ್ವಾ? ಸಾಗರದವರು, ಶಿರಸಿಯವರು, ಹುಬ್ಬಳ್ಳಿಯವರು, ಮೈಸೂರಿನವರು. ಊರು ಯಾವುದಾದರೂ ಇರಲಿ, "ಅವರು" ಅಂತ ಸೇರಿಸಿದರೆ ಮುಗೀತು. ಇಲ್ಲಿ ನೋಡಿದರೆ ವೊಸ್ ಊರಿನವರು ವೊಸ್ಸಿಂಗ್, ಬೆರ್ಗೆನ್‌ನವರು ಬೆರ್ಗೆನ್ಸರ್, ಟ್ರೊಮ್ಸೊದವರು ಟ್ರೊಮ್ಸೊವ್ಯಾರಿಂಗ್, ಆರೆನ್‌ಡಾಲ್‌ನವರು ಆರೆನ್‌ಡಲಿಟ್, ಗುಡ್‌ಬ್ರಾನ್ಸ್‌ಡಾಲ್ ಕಣಿವೆಯವರು ಗುಡ್‌ಬ್ರಾನ್ಸ್‌ಡೋಲ್. ನಾನಿರುವ ಊರಿನವರಂತೂ ತಮ್ಮನ್ನು "ಸಿಡ್ಡಿಸ್" ಅಂದುಕೊಳ್ಳುತ್ತಾರೆ. ಅದರಲ್ಲಿ ಊರಿನ ಹೆಸರಿನ ಸುಳಿವೇ ಇಲ್ಲ!

ನನ್ನ ಪ್ರಶ್ನೆ ಎರಡು. ಒಂದು, ಇದಕ್ಕೆ ಏನಾದರೂ ನಿಯಮ ಇದೆಯಾ, ಇಲ್ಲ ಸುಮ್ನೆ ಬಾಯಿಪಾಠ ಮಾಡಬೇಕಾ? ಎರಡನೆಯದು ಸ್ವಲ್ಪ ವಿಚಿತ್ರ. ಮೊನ್ನೆ ತರಗತಿಯಲ್ಲಿ ಬರೆಯುವಾಗ ಸಾಲಿನ ಕೊನೆಯಲ್ಲಿ ಜಾಗ ಸಾಲದೆ "ವೊಸ್ಸಿಂಗ್" ಅನ್ನುವ ಪದವನ್ನು ಒಡೆಯಬೇಕಾಯಿತು. ನಾನು "ವೊಸ್ಸ್-ಇಂಗ್" ಅಂತ ಒಡೆದೆ. ಪಕ್ಕದಲ್ಲಿ ಕೂತಿದ್ದ ಪೋಲೆಂಡಿನ ಹುಡುಗಿ "ವೊಸ್-ಸಿಂಗ್" ಅಂತ ಒಡೆದಳು. ಟೀಚರ್ ಎರಡೂ ಸರಿ ಅಂದುಬಿಟ್ಟರು. ಎರಡೂ ಹೇಗೆ ಸರಿಯಾಗುತ್ತದೆ? ಪದ ಒಂದೇ ತಾನೇ? ಅದೂ ಅಲ್ಲದೆ, ಕನ್ನಡದಲ್ಲಿ ಬರೆದರೆ ನನಗೆ ಅದು "ವೊ-ಸ್ಸಿಂ-ಗ್" ಅಂತ ಕಾಣುತ್ತದೆ, ಈ ಎರಡೂ ಅಲ್ಲ. ಯಾರಾದರೂ ಬಿಡಿಸಿ ಹೇಳಿ.

ಬೆರ್ಗೆನ್_ಮಳೆ:

ಹನ್ನೊಂದು ವರ್ಷದಿಂದ ಬೆರ್ಗೆನ್‌ನಲ್ಲಿದ್ದೇನೆ. ಮಳೆ ನೋಡಿದಾಗಲೆಲ್ಲ ಆಗುಂಬೆ ನೆನಪಾಗುವ ಊರು. ಪಂಡಿತ ಅಲ್ಲ, ಕಿವಿಗೆ ಬಿದ್ದದ್ದನ್ನು ಹೇಳುತ್ತೇನೆ.

ಒಂದೇ ನಿಯಮ ಅಂತ ಇಲ್ಲ, ಮನೆತನಗಳಿವೆ ಅಂದುಕೊಳ್ಳಿ. ದೊಡ್ಡ ಮನೆತನ "ಇಂಗ್". ವೊಸ್ಸಿಂಗ್, ಸೊಗ್ನ್ ಕಡೆಯವರು ಸೊಗ್ನಿಂಗ್, ರೋರೊಸ್‌ನವರು ರೋರೊಸಿಂಗ್, ಫಿನ್‌ಮಾರ್ಕ್‌ನವರು ಫಿನ್‌ಮಾರ್ಕಿಂಗ್. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾವು ಕನ್ನಡದಲ್ಲಿ "ಇಂಗ್" ಅಂತ ಬರೆದರೂ ಅವರ ಬಾಯಲ್ಲಿ ಕೊನೆಯ "ಗ್" ಇಲ್ಲ, ಬರೀ "ಙ್". ಬಹುವಚನದಲ್ಲಿ ಅದು "ವೊಸ್ಸಿಙರ್" ಆಗುತ್ತದೆ. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಮರೆತೇಬಿಟ್ಟ ಆ "ಙ" ನನಗೆ ಕೊನೆಗೂ ಕೆಲಸಕ್ಕೆ ಬಂದದ್ದು ನಾರ್ವೆಗೆ ಬಂದ ಮೇಲೆ.

ಈ "ಇಂಗ್" ಬಂದಾಗ ಊರಿನ ಹೆಸರು ಹಾಗೇ ಉಳಿಯುತ್ತದೆ ಅಂತ ನಂಬಬೇಡಿ. ಓಸ್ಲೋ ಪಕ್ಕದ ಬ್ಯಾರುಮ್‌ನವರು ಬ್ಯಾರಿಂಗ್. "ಉಮ್" ಎಲ್ಲಿಗೋ ಹೋಯಿತು. (ನನ್ನ ಗೆಳೆಯನೊಬ್ಬ ಇದನ್ನು ಮೊದಲ ಸಲ ಕೇಳಿದಾಗ ಸೈಕಲ್ಲಿನ ಬೇರಿಂಗ್ ಅಂದುಕೊಂಡಿದ್ದ.) ಹಾರ್ಡಾಂಗರ್‌ನವರು ಹಾರ್ಡಿಂಗ್. ಅಲ್ಲಿ "ಆಂಗರ್" ಅಂದರೆ ಕಡಲ ಚಾಚು, ಅದನ್ನೇ ಕತ್ತರಿಸಿ ಬಿಸಾಡಿದ್ದಾರೆ. ಹಾರ್ಡಿಂಗ್‌ಫೇಲೆ ಅನ್ನುವ ಅವರ ಪಿಟೀಲಿನ ಹೆಸರಲ್ಲೂ ಇರುವುದು ಆ ಹಾರ್ಡಿಂಗೇ. ಲಿಲ್ಲೆಹಾಮ್ಮರ್, ಅದೇ 1994ರ ಚಳಿಗಾಲದ ಒಲಿಂಪಿಕ್ಸ್ ನಡೆದ ಊರು, ಅಲ್ಲಿಯವರು ಲಿಲ್ಲೆಹಾಮ್ರಿಂಗ್. ನಡುವಿನ "ಎ" ಮಾಯ.

ಲೊಫೊಟೆನ್‌ನವರು ಲೊಫೊಟಿಂಗ್, ವೆಸ್ಟೆರೋಲೆನ್‌ನವರು ವೆಸ್ಟೆರೋಲಿಂಗ್. ಇಲ್ಲಿ "ಎನ್" ಬೀಳುತ್ತದೆ, ಯಾಕೆಂದರೆ ಅದು ಹೆಸರಿನ ಹಿಂದೆ ಅಂಟಿಸಿದ ಬಾಲ. ಡಾಲ್ ಅಂದರೆ ಕಣಿವೆ, ಡಾಲೆನ್ ಅಂದರೆ "ಆ ಕಣಿವೆ", ಹಾಗೆ. ಆದರೆ ಟೂಟೆನ್ ಕಡೆಯವರು ಟೂಟ್ನಿಂಗ್! "ನ್" ಉಳಿದುಕೊಂಡಿತು. ಅಲ್ಲಿ ಆ "ನ್" ಬಾಲ ಅಲ್ಲ, ಹೆಸರಿನ ಮೂಲದಲ್ಲೇ ಇದ್ದದ್ದು. ಇದು ಗೊತ್ತಾದ ದಿನ ನನಗೆ ಭಾರೀ ಖುಷಿಯಾಗಿತ್ತು. ಯಾರಿಗೂ ಹೇಳಿಕೊಳ್ಳುವ ಹಾಗಿರಲಿಲ್ಲ, ಇವತ್ತು ಹೇಳಿದೆ.

ಎರಡನೇ ಮನೆತನ "ಎನ್ಸರ್". ಇದು ಹೆಚ್ಚಾಗಿ ಪೇಟೆಗಳಿಗೆ. ಓಸ್ಲೋಎನ್ಸರ್, ಯೋವಿಕ್‌ನವರು ಯೋವಿಕೆನ್ಸರ್, ಟೋನ್ಸ್‌ಬೆರ್ಗ್‌ನವರು ಟೋನ್ಸ್‌ಬೆರ್ಗೆನ್ಸರ್, ಮೊಲ್ಡೆಯವರು ಮೊಲ್ಡೆನ್ಸರ್. ಇದು ಲ್ಯಾಟಿನ್‌ನ "ಎನ್ಸಿಸ್" ಪ್ರತ್ಯಯದಿಂದ ಬಂದದ್ದು. ಪುತ್ತೂರು, ಸುಳ್ಯದ ಕಡೆಯವರಿಗೆ ಗೊತ್ತಿರುತ್ತದೆ, ರಬ್ಬರ್ ಮರದ ಶಾಸ್ತ್ರೀಯ ಹೆಸರು ಹೆವಿಯಾ ಬ್ರಸಿಲಿಯೆನ್ಸಿಸ್. "ಬ್ರೆಜಿಲ್‌ನದು" ಅಂತ ಅರ್ಥ. ಆ ಎನ್ಸಿಸ್‌ಗೆ ನಾರ್ವೆಯ "ಅರ್" ಸೇರಿ "ಎನ್ಸರ್".

ಈಗ ನಮ್ಮೂರು. ಬೆರ್ಗೆನ್ ಜೊತೆ ಎನ್ಸರ್ ಸೇರಿದರೆ "ಬೆರ್ಗೆನೆನ್ಸರ್" ಆಗಬೇಕಿತ್ತು ಅಲ್ವಾ? ಆಗಿಲ್ಲ. ಎರಡು "ಎನ್" ಅಕ್ಕಪಕ್ಕ ಬಂದಾಗ ಒಂದನ್ನು ನುಂಗಿ ಬೆರ್ಗೆನ್ಸರ್ ಆಗಿದೆ. ಡ್ರಾಮ್ಮೆನ್‌ನವರು ಡ್ರಾಮ್ಮೆನ್ಸರ್, ಹಾಲ್ಡೆನ್‌ನವರು ಹಾಲ್ಡೆನ್ಸರ್, ಎಲ್ಲ ಇದೇ ಕಥೆ. ಅದಕ್ಕೇ ಬೆರ್ಗೆನ್ಸರ್‌ನಲ್ಲಿ ಊರು ಎಲ್ಲಿ ಮುಗಿಯಿತು, ಪ್ರತ್ಯಯ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ. ಆ "ಎನ್" ಇಬ್ಬರಿಗೂ ಸೇರಿದ ಗೋಡೆ.

ಇನ್ನು ಸಿಡ್ಡಿಸ್. ಇಂಗ್ಲಿಷಿನ "ಸಿಟಿಜನ್" ಬಾಯಿಂದ ಬಾಯಿಗೆ ಹೋಗಿ ಹಾಗಾಯಿತು ಅಂತ ಹೇಳುತ್ತಾರೆ. ನಿಯಮದಲ್ಲಿ ಹುಡುಕಬೇಡಿ, ಅದು ಅಡ್ಡಹೆಸರು.

ಹಳಗನ್ನಡ_ಮೇಷ್ಟ್ರು:

ನನಗೆ ನಾರ್ವೆ ಭಾಷೆಯ ಗಂಧಗಾಳಿ ಇಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಆದರೆ ಸಾಗರದ ಮೇಡಂ ಕೇಳಿದ ಎರಡನೇ ಪ್ರಶ್ನೆ ನಮ್ಮ ಮನೆಯ ಪ್ರಶ್ನೆ, ಆದ್ದರಿಂದ ಬಾಯಿ ಹಾಕುತ್ತಿದ್ದೇನೆ.

"ವೊ-ಸ್ಸಿಂ-ಗ್" ಅಂತ ಕಾಣುವುದು ನಿಮ್ಮ ತಪ್ಪಲ್ಲ. ನಮ್ಮ ಲಿಪಿಯ ಗುಣ ಅದು. ಸ್ವರದ ಹಿಂದೆ ಎಷ್ಟು ವ್ಯಂಜನ ಬಂದರೂ ಒತ್ತು ಕೊಟ್ಟು ಒಂದೇ ಅಕ್ಷರ ಮಾಡುತ್ತೇವೆ. "ಕನ್ನಡ" ಅಂತ ಬರೆದರೆ ಕಣ್ಣಿಗೆ ಕ-ನ್ನ-ಡ. ಆದರೆ ಕಿವಿಗೆ? ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಕನ್-ನ-ಡ. ನಮ್ಮ ಛಂದಸ್ಸಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಒತ್ತಕ್ಷರದ ಹಿಂದಿನ ಅಕ್ಷರ ಗುರು ಅಂತ ಮಕ್ಕಳಿಗೆ ಹೇಳಿಕೊಡುತ್ತೇವಲ್ಲ, ಅದು ಯಾಕೆ? "ಕ" ತಾನೇ ಹ್ರಸ್ವ. ಆದರೂ ಮುಂದಿನ ಒತ್ತಿನ ಮೊದಲ "ನ್" ಹಿಂದಕ್ಕೆ ವಾಲಿ "ಕನ್" ಆಗುತ್ತದೆ, ಅದಕ್ಕೆ ಗುರು. ಬರೆಯುವಾಗ ಒಂದು ಲೆಕ್ಕ, ಉಚ್ಚರಿಸುವಾಗ ಇನ್ನೊಂದು. ಮೇಡಂ ಪಕ್ಕದ ಹುಡುಗಿ ಕಿವಿಯಿಂದ ಒಡೆದಿದ್ದಾಳೆ. ಮೇಡಂ ಅರ್ಥದಿಂದ ಒಡೆದಿದ್ದಾರೆ, ಊರು ಒಂದು ಕಡೆ, ಪ್ರತ್ಯಯ ಒಂದು ಕಡೆ. ನಮ್ಮಲ್ಲೂ ಹಾಗೇ ಅಲ್ಲವೇ? ಮೈಸೂರಿಗ ಅನ್ನುವುದನ್ನು ಬಿಡಿಸು ಅಂದರೆ ಮೈಸೂರು + ಇಗ ಅನ್ನುತ್ತೇವೆ, ಹೇಳುವಾಗ ಮೈ-ಸೂ-ರಿ-ಗ. ಆ "ರಿ"ಯಲ್ಲಿ ಅರ್ಧ ಊರು, ಅರ್ಧ ಪ್ರತ್ಯಯ.

ಮೇಲಿನವರು ಬರೆದ ಉದಾಹರಣೆಗಳನ್ನು ಓದುತ್ತಾ ನನಗೆ ಸಂಧಿ ಪಾಠವೇ ನೆನಪಾಯಿತು. ಮೊಲ್ಡೆ + ಎನ್ಸರ್ = ಮೊಲ್ಡೆನ್ಸರ್. ಇದು ಶುದ್ಧ ಲೋಪಸಂಧಿ! ಓಸ್ಲೋ + ಎನ್ಸರ್ ಅಂದರೆ ನಾನಾದರೆ ಓಸ್ಲೋವೆನ್ಸರ್ ಅಂದುಬಿಡುತ್ತಿದ್ದೆ, ಗೋ + ಇನ = ಗೋವಿನ ಆದ ಹಾಗೆ. ಅವರು ಓಸ್ಲೋಎನ್ಸರ್ ಅಂತ ಎರಡು ಸ್ವರವನ್ನೂ ಹಾಗೇ ಬಿಟ್ಟಿದ್ದಾರೆ. ಅದನ್ನು ನಾವು ಪ್ರಕೃತಿಭಾವ ಅನ್ನುತ್ತೇವೆ. ಹಾಗಾದರೆ ಟ್ರೊಮ್ಸೊವ್ಯಾರಿಂಗ್‌ನಲ್ಲಿ ಇರುವುದು ವಕಾರಾಗಮವೇ ಇರಬೇಕು. ಟ್ರೊಮ್ಸೊ + ಆರಿಂಗ್, ನಡುವೆ ವ. ಸರಿ ತಾನೇ?

ಒಂದು ಸಂದೇಹ. ಒತ್ತಿ ಹೇಳುವುದು ಯಾವ ಅಕ್ಷರವನ್ನು? ಅದು ತಿಳಿದರೆ ಇನ್ನೊಂದು ಮಾತು ಹೇಳಬಹುದಿತ್ತು.

ಇರುಳೂರಿನ_ಹುಡುಗ:

ಮೇಷ್ಟ್ರೇ, ನಿಮ್ಮ ಉತ್ತರ ಓದಿ ಕೈ ಮುಗಿದೆ. ಆದರೆ ವಕಾರಾಗಮದ ವಿಷಯದಲ್ಲಿ ಕ್ಷಮಿಸಿ, ಅದು ಹಾಗಲ್ಲ. ನಾನು ಟ್ರೊಮ್ಸೊದಲ್ಲೇ ಓದುತ್ತಿರುವವನು. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಇಲ್ಲಿ ಸೂರ್ಯ ಮೇಲೆ ಬರುವುದಿಲ್ಲ. ಇಂಥದ್ದನ್ನೆಲ್ಲ ಓದಲು ಬೇಕಾದಷ್ಟು ಸಮಯ.

ನಿಮ್ಮ ಊಹೆ ತಪ್ಪು ಅನ್ನಲು ಮೊದಲು ನನಗೂ ಮನಸ್ಸಾಗಲಿಲ್ಲ. ಯಾಕೆಂದರೆ ಟ್ರೊಮ್ಸೊ, ಬೋಡೊ, ವಾಡ್ಸೊ, ವಾರ್ಡೊ ಎಲ್ಲವೂ ಸ್ವರದಲ್ಲಿ ಮುಗಿಯುತ್ತವೆ. ಎಲ್ಲದರ ಜನರೂ ವ್ಯಾರಿಂಗ್. ಟ್ರೊಮ್ಸೊದ ಕೊನೆಯ ಆ ಸ್ವರ (ಓ ಅಕ್ಷರದ ಮೇಲೆ ಅಡ್ಡಗೆರೆ ಎಳೆದು ಬರೆಯುತ್ತಾರೆ, ತುಟಿ ಗುಂಡಗೆ ಮಾಡಿಕೊಂಡು "ಎ" ಅಂದರೆ ಹತ್ತಿರ ಬರುತ್ತದೆ) ಅಂದರೆ ದ್ವೀಪ ಅಂತಲೇ ಅರ್ಥ. ಆದರೆ ಹಾರ್‌ಸ್ಟಾಡ್‌ನವರು ಹಾರ್‌ಸ್ಟಾಡ್‌ವ್ಯಾರಿಂಗ್, ಶಿರ್ಕೆನೇಸ್‌ನವರು ಶಿರ್ಕೆನೇಸ್‌ವ್ಯಾರಿಂಗ್. ಅಲ್ಲಿ ಊರು ವ್ಯಂಜನದಲ್ಲಿ ಮುಗಿದರೂ "ವ" ಬಂತು. ಆಗಮ ಆಗಿದ್ದರೆ ಬರಬಾರದಿತ್ತು.

ಅಂದರೆ "ವ್ಯಾರ್" ಅನ್ನುವುದು ತಾನೇ ಒಂದು ಹಳೆಯ ಪದ, ಅದರ ಮೇಲೆ "ಇಂಗ್" ಕೂತಿದೆ. ಹಳೆಯ ನೋರ್ಸ್ ಭಾಷೆಯಲ್ಲಿ "ವೆರ್ಯಾರ್" ಅಂದರೆ ಒಂದು ಜಾಗದಲ್ಲಿ ನೆಲೆಸಿದವರು. ಐಸ್‌ಲ್ಯಾಂಡ್ ಭಾಷೆಯಲ್ಲಿ ಇದು ಇಂದಿಗೂ ಜೀವಂತ. ಅಲ್ಲಿ ಭಾರತೀಯನಿಗೆ "ಇಂಡ್‌ವೆರ್ಯಿ" ಅನ್ನುತ್ತಾರೆ. ಅಂದರೆ ಆ ಲೆಕ್ಕದಲ್ಲಿ ನಾವೆಲ್ಲ ಒಂದು ಥರ ವ್ಯಾರಿಂಗ್‌ಗಳೇ! ಗುಡ್‌ಬ್ರಾನ್ಸ್‌ಡಾಲ್ ಕಣಿವೆಯ ಮೇಲಿನ ತುದಿಯಲ್ಲಿ ಲೊಮ್ ಅಂತ ಊರಿದೆ, ಅಲ್ಲಿಯವರು ಲೊಮ್‌ವ್ಯಾರ್. ಪಕ್ಕದ ವೋಗೋದವರು ವೋಗೋವ್ಯಾರ್. ಇಂಗ್ ಸೇರದ ಹಳೆ ರೂಪ ಅಲ್ಲಿ ಹಾಗೇ ಉಳಿದಿದೆ. (ಬೈಜಾಂಟಿಯಮ್ ದೊರೆಗಳ ಕಾವಲು ಪಡೆಯಲ್ಲಿದ್ದ ಉತ್ತರದ ಯೋಧರಿಗೂ ವ್ಯಾರಿಂಗ್ ಅನ್ನುತ್ತಿದ್ದರು. ಅದು ಬೇರೆ ಪದ, ಆಣೆ ಮಾಡಿ ಜೊತೆಯಾದವರು ಅನ್ನುವ ಅರ್ಥದ್ದು. ಕೇಳಲು ಒಂದೇ ಥರ, ಇಲ್ಲಿಯವರೇ ಗೊಂದಲ ಮಾಡಿಕೊಳ್ಳುತ್ತಾರೆ.)

ಒತ್ತಿ ಹೇಳುವ ವಿಷಯ ಕೇಳಿದಿರಿ. ಬೆರ್ಗೆನ್ ಅನ್ನುವಾಗ ಒತ್ತು ಮೊದಲ ಭಾಗದ ಮೇಲೆ, ಬೆರ್-ಗೆನ್. ಬೆರ್ಗೆನ್ಸರ್ ಅನ್ನುವಾಗ ಒತ್ತು "ಗೆನ್" ಮೇಲೆ ಜರುಗುತ್ತದೆ, ಬೆರ್-ಗೆನ್-ಸರ್. ಓಸ್ಲೋಎನ್ಸರ್‌ನಲ್ಲಿ "ಎನ್" ಮೇಲೆ, ಆರೆನ್‌ಡಲಿಟ್‌ನಲ್ಲಿ ಕೊನೆಯ "ಲಿಟ್" ಮೇಲೆ. ಹೊರಗಿನಿಂದ ಬಂದ ಪ್ರತ್ಯಯಗಳು ಒತ್ತನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಇಂಗ್ ಮನೆಯದು, ಅದು ಎಳೆಯುವುದಿಲ್ಲ, ವೊಸ್-ಸಿಙ್, ಒತ್ತು "ವೊಸ್" ಮೇಲೇ.

ಸಾಲಿನ ಕೊನೆಯಲ್ಲಿ ಒಡೆಯುವ ನಿಯಮ: ಇಲ್ಲಿ ಎರಡು ದಾರಿ ಇವೆ. ಪದದ ಭಾಗ ನೋಡಿ ಒಡೆಯಬಹುದು, ಇಲ್ಲ ಒಂದು ವ್ಯಂಜನವನ್ನು ಮುಂದಿನ ಸಾಲಿಗೆ ತಳ್ಳಬಹುದು. ಅದಕ್ಕೇ ವೊಸ್ಸ್-ಇಂಗ್ ಸರಿ, ವೊಸ್-ಸಿಂಗ್ ಕೂಡ ಸರಿ. ಟ್ರೊಮ್ಸೊವ್ಯಾರಿಂಗ್ ಥರ ಎರಡು ಪದ ಸೇರಿ ಆದದ್ದನ್ನು ಮಾತ್ರ ಸೇರಿದ ಜಾಗದಲ್ಲೇ ಒಡೆದರೆ ಓದಲು ಚೆಂದ.

ಹಳಗನ್ನಡ_ಮೇಷ್ಟ್ರು:

ಆಹಾ. ಆಗಮ ಅಲ್ಲ ಅನ್ನುವುದನ್ನು ಒಪ್ಪಿದೆ. ಹಾರ್‌ಸ್ಟಾಡ್ ಉದಾಹರಣೆ ಕೊಟ್ಟ ಮೇಲೆ ಮಾತಿಲ್ಲ.

ಆದರೆ ಒತ್ತಿನ ಪಟ್ಟಿ ನೋಡಿ! ವೊಸ್, ಗೆನ್, ಎನ್, ಲಿಟ್. ಎಲ್ಲವೂ ವ್ಯಂಜನದಲ್ಲಿ ಮುಚ್ಚಿಕೊಂಡವು. ಬ್ಯಾರಿಂಗ್‌ನಲ್ಲಿ ಒತ್ತು "ಬ್ಯಾ" ಮೇಲೆ ಇದ್ದರೆ ಅದು ದೀರ್ಘ ಇರಬೇಕು. ನಮ್ಮ ಲೆಕ್ಕದಲ್ಲಿ ಎಲ್ಲವೂ ಗುರು. ಒತ್ತು ಬಿದ್ದ ಕಡೆ ಲಘು ಬರುವುದೇ ಇಲ್ಲವೋ ಹೇಗೆ?

ಇರುಳೂರಿನ_ಹುಡುಗ:

ಬರುವುದೇ ಇಲ್ಲ ಮೇಷ್ಟ್ರೇ. ಈ ಭಾಷೆಯಲ್ಲಿ ಒತ್ತು ಬಿದ್ದ ಕಡೆ ಒಂದೋ ಸ್ವರ ದೀರ್ಘ, ಇಲ್ಲವೋ ಮುಂದೆ ವ್ಯಂಜನ ಬಂದು ಮುಚ್ಚಬೇಕು. ಬ್ಯಾ ದೀರ್ಘವೇ. ಭಾಷೆ ಗೊತ್ತಿಲ್ಲದೆಯೂ ರೋಗ ಹೇಳುವ ವೈದ್ಯರ ಹಾಗೆ ನಾಡಿ ಹಿಡಿದುಬಿಟ್ಟಿರಿ.

ಸಾಗರದಿಂದ_ಸ್ಟವಾಂಗರ್:

ಅಯ್ಯೋ, ಎರಡು ವರ್ಷದಿಂದ ನಾನು "ಎಲ್ಲಿ ಎಳೆಯಬೇಕು ಎಲ್ಲಿ ಎಳೆಯಬಾರದು" ಅಂತ ಒದ್ದಾಡುತ್ತಿದ್ದೆ. ಗುರು ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು! ಪ್ರಸ್ತಾರ ಹಾಕುವುದನ್ನು ಹತ್ತನೇ ತರಗತಿಯಲ್ಲಿ ಶಾಪ ಹಾಕಿಕೊಂಡು ಕಲಿತಿದ್ದೆ.

ಈಗ ಇನ್ನೊಂದು. ಡಾಲ್ ಇದ್ದದ್ದು ಡೋಲ್ ಆಗುವುದು ಹೇಗೆ? ಇಲ್ಲಿ ಪ್ರತ್ಯಯವೇ ಇಲ್ಲವಲ್ಲ. ಇದೇ ಥರ ನೂರ್‌ಲಾಂಡ್‌ನವರು ನೂರ್‌ಲೆಂಡಿಂಗ್, ವೆಸ್ಟ್‌ಲಾಂಡ್‌ನವರು ವೆಸ್ಟ್‌ಲೆಂಡಿಂಗ್. ಲಾಂಡ್ ಹೋಗಿ ಲೆಂಡ್. ನಮಗೆ ವೀಸಾ ಕೊಡುವ ಇಲಾಖೆಯ ಹೆಸರಲ್ಲೇ "ಊಟ್‌ಲೆಂಡಿಂಗ್" ಇದೆ, ಅಂದರೆ ಹೊರನಾಡಿನವರು, ಅಂದರೆ ನಾವೇ. ಎರಡೂ ಒಂದೇ ಕಾರಣವಾ? ಮತ್ತೆ ಹೆಂಗಸರಿಗೆ ಬೇರೆ ರೂಪ ಇದೆಯಾ, ಕನ್ನಡಿಗ, ಕನ್ನಡತಿ ಇದ್ದ ಹಾಗೆ?

ಶಬ್ದಹುಳ:

ಹೆಂಗಸರಿಗೆ ಬೇರೆ ಇಲ್ಲ. ಗಂಡಾಗಲಿ ಹೆಣ್ಣಾಗಲಿ ಬೆರ್ಗೆನ್ಸರೇ. ಅದು ಸುಲಭ.

ಡೋಲ್ ಮತ್ತು ಲೆಂಡಿಂಗ್ ಮಾತ್ರ ಒಂದೇ ಕಾರಣದ್ದಲ್ಲ, ನೋಡಲು ಹಾಗೆ ಕಾಣುತ್ತದೆ ಅಷ್ಟೆ. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ರುಚಿಯಾದ ಭಾಗವೇ ಇದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಲಾಂಡ್ + ಇಂಗ್ ಲೆಂಡಿಂಗ್ ಆದದ್ದು ಮುಂದಿನ "ಇ" ಪ್ರಭಾವದಿಂದ. ಬಾಯಿ "ಇ"ಗೆ ಮೊದಲೇ ತಯಾರಾಗಿ ಹಿಂದಿನ "ಆ"ವನ್ನು ತನ್ನ ಕಡೆ ಎಳೆದು "ಎ" ಮಾಡಿತು. ಹಾಗಾದರೆ ಫಿನ್‌ಮಾರ್ಕಿಂಗ್ ಯಾಕೆ ಫಿನ್‌ಮೆರ್ಕಿಂಗ್ ಆಗಲಿಲ್ಲ? ಈ ಬದಲಾವಣೆ ನಡೆದದ್ದು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ. ಆ ಗಾಳಿ ನಿಂತ ಮೇಲೆ ಹುಟ್ಟಿದ ಪದಗಳಿಗೆ ಅದು ತಾಗಲಿಲ್ಲ. ಲೆಂಡಿಂಗ್ ಹಳೆ ಅಚ್ಚು, ಅದರಲ್ಲೇ ಇಂದಿಗೂ ಹೊಸದನ್ನು ಎರಕ ಹೊಯ್ಯುತ್ತಾರೆ.

ಡಾಲ್-ಡೋಲ್ ಬೇರೆ, ಇನ್ನೂ ಹಳೆಯದು. ಇಲ್ಲಿ ಮೂಲದ ಹ್ರಸ್ವ ಸ್ವರವೇ ದೀರ್ಘವಾಗಿ ಬದಲಾಗಿ "ಅದಕ್ಕೆ ಸೇರಿದವನು" ಅನ್ನುವ ಅರ್ಥ ಹುಟ್ಟಿತು, ಆಮೇಲೆ, ಈಗ ಕಾಣದ ಹಳೆ ಪ್ರತ್ಯಯವೊಂದರ "ಇ" ಸದ್ದು ಅದನ್ನು ಇನ್ನಷ್ಟು ತಿರುಗಿಸಿತು. ಪದದ ಹೊಟ್ಟೆಯೊಳಗಿನ ಸ್ವರ ಹಿಗ್ಗಿ "ಸಂಬಂಧಪಟ್ಟವನು" ಆಗುವುದು! ಮೇಷ್ಟ್ರಿಗೆ ಇಷ್ಟು ಹೊತ್ತಿಗೆ ಹೊಳೆದಿರುತ್ತದೆ. ವಿದೇಹದವಳು ವೈದೇಹಿ, ಮಿಥಿಲೆಯವಳು ಮೈಥಿಲಿ, ಕುರುವಿನ ವಂಶದವನು ಕೌರವ, ಮಗಧದವನು ಮಾಗಧ. ಸಂಸ್ಕೃತದ ವೃದ್ಧಿ. ಭಾಷಾ ಚರಿತ್ರೆ ಓದಿದವರು ಡೋಲ್ ಪದವನ್ನು ಇದೇ ವೃದ್ಧಿಯ ಸಾಲಿಗೆ ಸೇರಿಸುತ್ತಾರೆ. ನಾರ್ವೆಯಲ್ಲಿ ಹುಂಜಕ್ಕೆ ಹಾನೆ, ಹೇಂಟೆಗೆ ಹೋನೆ. ಅದೂ ಇದೇ ಬಗೆಯದು. ಸೀತೆಗೂ ನಾರ್ವೆಯ ಕೋಳಿಗೂ ವ್ಯಾಕರಣದಲ್ಲಿ ನಂಟು ಇದೆ ಅಂದರೆ ನಂಬುತ್ತೀರಾ? ಸೇಟೆಸ್‌ಡಾಲ್‌ನವರು ಸೇಟೆಸ್‌ಡೋಲ್, ಓಸ್ಟರ್‌ಡಾಲ್‌ನವರು ಓಸ್ಟರ್‌ಡೋಲ್. ನಿಮ್ಮ ಸ್ಟವಾಂಗರ್ ಇರುವ ರೂಗಲಾಂಡ್‌ನಲ್ಲೇ ಸುಲ್‌ಡಾಲ್ ಇದೆ, ಅಲ್ಲಿಯವರು ಸುಲ್‌ಡೋಲ್. ಆದರೆ ಒಪ್‌ಡಾಲ್‌ನವರು ಸುಮ್ನೆ ಒಪ್‌ಡಾಲಿಂಗ್. ಅಲ್ಲಿ ವೃದ್ಧಿ ಇಲ್ಲ.

ಇನ್ನೊಂದು ತಮಾಷೆ. ನಾವೆಲ್ಲ ಊರಿನಿಂದ ಜನರ ಹೆಸರು ಹುಟ್ಟುತ್ತದೆ ಅಂದುಕೊಂಡು ಮಾತಾಡುತ್ತಿದ್ದೇವೆ. ಎಷ್ಟೋ ಕಡೆ ಉಲ್ಟಾ. ಹಾಲಿಂಗ್‌ಡಾಲ್‌ನವರು ಹಾಲಿಂಗ್. ಕಣಿವೆಯ ಹೆಸರಿನಿಂದ "ಡಾಲ್" ಕಿತ್ತು ಹಾಲಿಂಗ್ ಮಾಡಿದ್ದಲ್ಲ, ಹಾಲಿಂಗ್ ಜನರ ಕಣಿವೆ ಆದ್ದರಿಂದ ಹಾಲಿಂಗ್‌ಡಾಲ್. ಟ್ರೋಂಡೆಲಾಗ್ ಅಂದರೆ ಟ್ರೋಂಡರ್ ಜನ ಒಂದೇ ಕಾನೂನಿನ ಕೆಳಗೆ ಬದುಕುತ್ತಿದ್ದ ನಾಡು. ರೂಗಲಾಂಡ್ ಅಂದರೆ ರೀಗಿರ್ ಅನ್ನುವ ಹಳೆ ಜನಾಂಗದ ನಾಡು. ಜನರಿಂದ ನಾಡಿಗೆ ಹೆಸರು ಬಂತು. ಆ ಜನಾಂಗದ ಹೆಸರು ಮರೆತುಹೋಯಿತು. ಈಗ ನಾಡಿನ ಹೆಸರಿನಿಂದ ಜನರಿಗೆ ಮತ್ತೆ "ರೂಗಲೆಂಡಿಂಗ್" ಅಂತ ಹೆಸರಿಟ್ಟಿದ್ದಾರೆ. ತುಳುವರ ನಾಡು ತುಳುನಾಡು, ಆಮೇಲೆ ಅಲ್ಲಿಯವರನ್ನು ತುಳುನಾಡಿನವರು ಅಂದ ಹಾಗೆ, ಒಂದು ಸುತ್ತು ಹೊಡೆದು ಬಂದದ್ದು.

ಹಾಮಾರ್ ಸುತ್ತಲಿನ ಕಡೆ ಹೋದರೆ ಇನ್ನೊಂದು ಬಗೆ ಸಿಗುತ್ತದೆ. ಸ್ಟಾಙೆಯವರು ಸ್ಟಾಙೆಸೊಕ್ನಿಂಗ್, ರಿಂಗ್‌ಸಾಕರ್‌ನವರು ರಿಂಗ್‌ಸಾಕ್‌ಸೊಕ್ನಿಂಗ್. "ಸೊಕ್ನ್" ಅಂದರೆ ಒಂದು ಚರ್ಚಿಗೆ ನಡೆದುಕೊಳ್ಳುವ ಊರುಗಳ ಸೀಮೆ. ಊರಿಗಿಂತ ಚರ್ಚು ಮುಖ್ಯ ಆಗಿದ್ದ ಕಾಲದ ಗುರುತು. ನಿಮ್ಮ ಮನೆ ಹತ್ತಿರದ ಯ್ಯಾರೆನ್‌ನವರು ಯ್ಯಾರ್‌ಬು. "ಬು" ಅಂದರೆ ವಾಸಿಸುವವನು. ನೆರೆಯವರಿಗೆ "ನಾಬೊ" ಅನ್ನುತ್ತೀರಲ್ಲ, ಅದರ ಬಾಲದಲ್ಲಿರುವುದೂ ಅದೇ, ಹತ್ತಿರ ವಾಸಿಸುವವನು ಅಂತ.

ಸುಮ್ನಿರು_ಮಾರಾಯ:

ಇಷ್ಟೆಲ್ಲ ಯಾಕೆ ಬೇಕು? ನಾನು ಆರು ವರ್ಷ ಓಸ್ಲೋದಲ್ಲಿದ್ದೆ. "ಯಾಯ್ ಆರ್ ಫ್ರಾ" ಅಂತ ಹೇಳಿ ಊರಿನ ಹೆಸರು ಸೇರಿಸಿದರೆ ಆಯಿತು. "ನಾನು ಇಂಥ ಊರಿಂದ" ಅಂತ. ಯಾರೂ ಜೈಲಿಗೆ ಹಾಕುವುದಿಲ್ಲ. ಬೇರೆಯವರ ಬಗ್ಗೆ ಹೇಳುವಾಗಲೂ ಊರಿನ ಹೆಸರಿಗೆ "ಫೊಲ್ಕ್" ಸೇರಿಸಿದರೆ ಜನ ಅಂತಾಗುತ್ತದೆ, ಓಸ್ಲೋಫೊಲ್ಕ್. ಅದು ನಮ್ಮ "ಅವರು" ಇದ್ದ ಹಾಗೆ.

ಬೆರ್ಗೆನ್_ಮಳೆ:

ನೀವು ಹೇಳಿದ್ದು ನಿಜ, ಆದರೆ ಒಂದು ಸೂ‌ಕ್ಷ್ಮ ಇದೆ ಮಾರಾಯ್ರೇ. ಫ್ರಾ ಅಂದರೆ ಎಲ್ಲಿಂದ ಬಂದೆ ಅಂತ ಅಷ್ಟೆ. ಬೆರ್ಗೆನ್ಸರ್ ಅಂದರೆ ನಾನು ಆ ಊರಿನವನು ಅಂತ ಎದೆ ತಟ್ಟಿಕೊಂಡ ಹಾಗೆ. ಹೊರಗಿಂದ ಬಂದು ನೆಲೆಸಿದವರಿಗೆ "ಇನ್‌ಫ್ಲಿಟ್ಟರ್" ಅಂತ ಬೇರೆ ಪದವೇ ಇದೆ. ಬರೀ ನಮಗಲ್ಲ, ವೊಸ್‌ನಿಂದ ಬಂದ ನನ್ನ ಸಹೋದ್ಯೋಗಿ ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದಾನೆ, ಅವನೂ ಇನ್‌ಫ್ಲಿಟ್ಟರೇ. ಬೆರ್ಗೆನ್ ಸುತ್ತಲಿನ ಕರಾವಳಿ, ದ್ವೀಪಗಳವರಿಗೆ "ಸ್ಟ್ರೀಲ್" ಅನ್ನುತ್ತಾರೆ. ಪೇಟೆಯವರು ಅದನ್ನು ಹೇಳುವ ಧಾಟಿಯಲ್ಲಿ ಒಮ್ಮೊಮ್ಮೆ ನಮ್ಮ "ಹಳ್ಳಿ ಗಮಾರ" ಇಣುಕುತ್ತಾನೆ.

ಊರಿನ ಹೆಸರು ಬದಲಾದರೂ ಈ ಪದಗಳು ಹಟ ಬಿಡುವುದಿಲ್ಲ ಅನ್ನುವುದು ಇನ್ನೊಂದು ಮಜಾ. ಓಸ್ಲೋ 1624ರಿಂದ ಮುನ್ನೂರು ವರ್ಷ ಕ್ರಿಸ್ಟಿಯಾನಿಯಾ ಆಗಿತ್ತು, 1925ರಲ್ಲಿ ಮತ್ತೆ ಓಸ್ಲೋ ಆಯಿತು. ಕ್ರಿಸ್ಟಿಯಾನಿಯೆನ್ಸರ್ ಇದ್ದವರು ಓಸ್ಲೋಎನ್ಸರ್ ಆದರು. ಊರು ಹೋಯಿತು, ಎನ್ಸರ್ ಉಳಿಯಿತು. ಟ್ರೊಂಡ್‌ಹೈಮ್ ಹಿಂದೆ ಟ್ರೊಂಡ್‌ಯೆಮ್ ಆಗಿತ್ತು. ಫಲಕದಲ್ಲಿ ಹೈಮ್ ಬಂದು ಸುಮಾರು ನೂರು ವರ್ಷ ಆಗುತ್ತಾ ಬಂತು. ಜನ ಮಾತ್ರ ಇವತ್ತಿಗೂ ಟ್ರೊಂಡ್‌ಯೆಮ್ಮರ್ ಅನ್ನುತ್ತಾರೆ.

ಯಾವುದಾದರೂ ಊರಿನ ಬಗ್ಗೆ ಅನುಮಾನ ಬಂದರೆ ನಾರ್ವೆಯ ಭಾಷಾ ಮಂಡಳಿ, ಸ್ಪ್ರೋಕ್‌ರೋಡೆ, ಅವರ ಜಾಲತಾಣದಲ್ಲಿ ಪಟ್ಟಿ ಇದೆ, ನೋಡಿಕೊಳ್ಳಿ. ಬರೆಯುವಾಗ ಚಿಕ್ಕಕ್ಷರದಲ್ಲೇ ಶುರು ಮಾಡಿ. ಊರಿಗೆ ದೊಡ್ಡಕ್ಷರ, ಊರಿನವರಿಗೆ ಚಿಕ್ಕಕ್ಷರ. ನಮ್ಮ ಲಿಪಿಯಲ್ಲಿ ಈ ಭೇದ ಇಲ್ಲ, ಅದಕ್ಕೇ ನಮ್ಮವರೆಲ್ಲ ಇದನ್ನು ತಪ್ಪು ಮಾಡುತ್ತಾರೆ.

ಸಾಗರದಿಂದ_ಸ್ಟವಾಂಗರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ತರಗತಿಯಲ್ಲಿ ಟೀಚರ್ ಹತ್ತಿರ ಲೊಫೊಟೆನ್, ಟೂಟೆನ್ ವಿಷಯ ಹೇಳಿದೆ. ಅವರು ಒಂದು ನಿಮಿಷ ಸುಮ್ಮನಿದ್ದು "ನಾನು ಇದನ್ನು ಯೋಚಿಸಿಯೇ ಇರಲಿಲ್ಲ" ಅಂದರು. ವೈದೇಹಿ ವಿಷಯ ಹೇಳಲು ನನ್ನ ನಾರ್ವೇಜಿಯನ್ ಸಾಲಲಿಲ್ಲ.

ಮನೆಗೆ ಬಂದು ಪಕ್ಕದ ಮನೆಯ ಅಜ್ಜಿಯನ್ನೂ ಕೇಳಿದೆ. ಅವರು ಸುನ್‌ಫ್ಯೂರ್ ಕಡೆಯವರು, ಸುನ್‌ಫ್ಯೂರಿಂಗ್. "ಫ್ಯೂರಿಂಗ್ ಅಂದರೆ ನಮ್ಮ ಕಡೆಯ ಕುದುರೆ ತಳಿಗೂ ಅದೇ ಹೆಸರು, ಇಬ್ಬರೂ ಗಟ್ಟಿ, ಇಬ್ಬರೂ ಹಟಮಾರಿ" ಅಂತ ನಕ್ಕರು. ನನ್ನ ಮಗಳು ಇಲ್ಲೇ ಹುಟ್ಟಿದ್ದು, ಈಗ ಒಂದೂವರೆ ವರ್ಷ. ಇವಳು ಏನಾಗುತ್ತಾಳೆ ಅಂತ ಕೇಳಿದೆ. ಅಜ್ಜಿ ಯೋಚನೆ ಮಾಡಲೇ ಇಲ್ಲ. "ಇವಳಾ? ಇವಳು ಸಿಡ್ಡಿಸ್. ನೀನು, ನಾನು ಇಬ್ಬರೂ ಇನ್‌ಫ್ಲಿಟ್ಟರ್" ಅಂದರು.